ಮೂರು ಗುಡ್ಡ, ಮೂರು ರೊಟ್ಟಿ

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ ಅದು. ಎರಡು ಸಮುದ್ರಗಳ ನಡುವೆ ಸೊಂಟದ ಹಾಗೆ ಸಣ್ಣಗಿದ್ದ ಒಂದು ನಾಡು. ಅಲ್ಲೊಂದು ಹೊಗೆಯಾಡುವ ಬೆಟ್ಟ. ಬೆಟ್ಟದ ಕೆಳಗೆ ಮೂರು ಗುಡ್ಡ. ಮೂರು ಗುಡ್ಡಗಳ ನಡುವೆ ನಿಕ್ತೆ ಎಂಬ ಅಜ್ಜಿಯ ಮುಸುಕಿನ ಜೋಳದ ಹೊಲ.

ಒಲೆಯ ಮೂರು ಕಲ್ಲುಗಳಂತೆ ಕಾಣುತ್ತಿದ್ದ ಆ ಗುಡ್ಡಗಳನ್ನು ಊರಿನವರು ಒಲೆಗುಂಡು ಎಂದೇ ಕರೆಯುತ್ತಿದ್ದರು. ಹೊಸ ನೆಂಟರು ಬಂದರೆ ಮೂರನ್ನೂ ಹೊರಗಿನಿಂದ ಸುತ್ತಿ, ಒಂದೊಂದರ ಬುಡದಲ್ಲೂ ಒಂದೊಂದು ರೊಟ್ಟಿ ತಿನ್ನಬೇಕು. ನೆಂಟರು ಒಲೆಯ ನಡುವೆ, ಅಂದರೆ ಹೊಲದೊಳಗೆ, ಕಾಲಿಡುವಂತಿಲ್ಲ. ಅದು ಅಲ್ಲಿನ ಪದ್ಧತಿ.

ಒಂದು ಬೆಳಿಗ್ಗೆ ಗಾಳಿ ಏದುಸಿರು ಬಿಡುತ್ತಾ ಬಂತು.

"ಅಜ್ಜೀ, ಓಡು! ಬೆಟ್ಟದಿಂದ ಹೊಸ ಹೊಳೆ ಇಳೀತಿದೆ. ನೆಟ್ಟಗೆ ನಿನ್ನ ಹೊಲದ ಮೇಲೇ ಬರ್ತಿದೆ!"

ಅಜ್ಜಿಗೆ ಭಯವಾಗಲಿಲ್ಲ ಅಂದರೆ ಸುಳ್ಳಾದೀತು. ಊರಿನಲ್ಲಿದ್ದ ಬೀಜವೆಲ್ಲ ಆ ಮಣ್ಣಿನಲ್ಲೇ ಇತ್ತು, ಮೊಳಕೆ ಈಗಷ್ಟೇ ತಲೆ ಎತ್ತಿತ್ತು. ಅದು ಕೊಚ್ಚಿಹೋದರೆ ಊರಿಗೆ ಮತ್ತೆ ಜೋಳವೇ ಇಲ್ಲ.

"ಓಡಿದರೆ ಹೊಲವೂ ನನ್ನ ಜೊತೆ ಓಡುತ್ತದೇನಪ್ಪಾ?" ಎಂದಳು ಅಜ್ಜಿ. ತನ್ನ ಊಟಕ್ಕೆಂದು ಇಟ್ಟುಕೊಂಡಿದ್ದ ಕೊನೆಯ ಹಿಡಿ ಜೋಳವನ್ನು ಬೂದಿನೀರಿನಲ್ಲಿ ಬೇಯಿಸಿ ಇಟ್ಟಿದ್ದಳು. ಸರಸರನೆ ಸಿಪ್ಪೆ ಉಜ್ಜಿ ತೆಗೆದಳು, ಅರೆದಳು, ಹೆಂಚಿನ ಮೇಲೆ ರೊಟ್ಟಿ ಸುಟ್ಟಳು. ಆಗಿದ್ದು ಮೂರೇ ಮೂರು. ಗಾಳಿ ಒಂದೊಂದನ್ನೂ ಒಂದೊಂದು ಗುಡ್ಡದ ಬುಡಕ್ಕೆ ಒಯ್ದಿಟ್ಟಿತು.

ಹೊಳೆ ಬಂದೇಬಿಟ್ಟಿತು. "ದಾರಿ ಬಿಡಜ್ಜಿ! ನಾನು ಯಾರಿಗೂ ಬಗ್ಗುವವಳಲ್ಲ!"

"ಬಗ್ಗು ಅಂದವರು ಯಾರು ಮಗಳೇ? ನೆಂಟಳಾಗಿ ಬಂದಿದ್ದೀಯ, ಉಂಡು ಹೋಗು."

ಹೊಳೆ ಗಕ್ಕನೆ ನಿಂತಿತು. ಹುಟ್ಟಿದಾಗಿನಿಂದ ಅದನ್ನು ಕಂಡು ಕಿರುಚಿದವರೇ ಎಲ್ಲ. ನೆಂಟಳು ಎಂದು ಯಾರೂ ಕರೆದಿರಲಿಲ್ಲ.

"ಎಲ್ಲಿದೆ ರೊಟ್ಟಿ?"

"ಗುಡ್ಡದ ಆಚೆ. ಸುತ್ತಿ ಹೋಗಬೇಕು ಕಣೇ, ನಮ್ಮಲ್ಲಿ ಹಾಗೇ."

ಹೊಳೆ ಮೊದಲ ಗುಡ್ಡ ಸುತ್ತಿತು, ರೊಟ್ಟಿ ತಿಂದಿತು. ಎಷ್ಟು ರುಚಿ! ಎರಡನೆಯದನ್ನು ಸುತ್ತಿತು, ತಿಂದಿತು. ಮೂರನೆಯದನ್ನೂ ಸುತ್ತಿ ತಿಂದು, ತೇಗಿ, ಹಿಂತಿರುಗಿ ನೋಡಿದರೆ ಹೊಲ ಇದ್ದಲ್ಲೇ ಇದೆ. ತಾನು ಬಂದ ದಾರಿ ಆಗಲೇ ಆಳವಾದ ಪಾತ್ರವಾಗಿಬಿಟ್ಟಿದೆ.

"ಅಜ್ಜೀ, ನನ್ನನ್ನು ಬಗ್ಗಿಸಿಯೇಬಿಟ್ಟೆಯಲ್ಲ!"

"ಬಗ್ಗಿದ್ದು ನೀನು. ನಾನು ರೊಟ್ಟಿ ಸುಟ್ಟೆ, ಅಷ್ಟೇ," ಎಂದಳು ಅಜ್ಜಿ. ಅವಳ ಹೊಟ್ಟೆ ಹಸಿವಿನಿಂದ ಚುರುಗುಟ್ಟುತ್ತಿತ್ತು, ಮನಸ್ಸು ಮಾತ್ರ ತುಂಬಿತ್ತು.

ಹೊಳೆ ನಗುತ್ತಾ ಸಮುದ್ರಕ್ಕೆ ಹೋಯಿತು. ಉಂಡ ಋಣಕ್ಕೆ ಪ್ರತಿ ಮಳೆಗಾಲವೂ ಹೊಲದ ಅಂಚಿಗೆ ಕಪ್ಪು ಮಣ್ಣು ತಂದು ಹಾಕಿತು. ಎಷ್ಟೋ ಕಾಲದ ಮೇಲೆ ಕುದುರೆ ಏರಿ ಬಂದ ಪರನಾಡಿನವರು ಆ ಊರಿಗೆ ಬೇರೆ ಹೆಸರಿಟ್ಟರು, ಹೊಳೆಗೂ ಇಟ್ಟರು. ಹೊಳೆ ತನ್ನ ಮೂರು ಸುತ್ತು ಬಿಡಲಿಲ್ಲ.

ಸಮುದ್ರ ಸೇರಿದವಳು ಆ ರೊಟ್ಟಿಯ ರುಚಿಯನ್ನು ಉಳಿದ ಹೊಳೆಗಳಿಗೆಲ್ಲ ಹೇಳದೆ ಇರುತ್ತಾಳೆಯೇ? ಅದಕ್ಕೇ ನೋಡು ಪುಟ್ಟಾ, ಇವತ್ತಿಗೂ ಯಾವ ಹೊಳೆಯೇ ಆಗಲಿ, ಗುಡ್ಡ ಕಂಡರೆ ಸಾಕು, ಆಚೆ ಬದಿಗೆ ಯಾರಾದರೂ ರೊಟ್ಟಿ ಇಟ್ಟಿದ್ದಾರೇನೋ ಎಂದು ಸುತ್ತಿಕೊಂಡೇ ಹೋಗುತ್ತದೆ.