ಹೆಬ್ಬೆರಳಿಲ್ಲದವನ ಕ್ಯಾಮೆರಾ

ಮಲಪ್ರಭೆಯ ದಂಡೆಯಲ್ಲಿ ಗದಿಗಯ್ಯಜ್ಜನ ಮಠ. ಮಠ ಅಂದರೆ ಏನು, ಒಂದು ಬೇವಿನ ಮರ, ಒಂದು ತಗಡಿನ ಸೂರು, ಕೂರಲು ಒಂದು ಮಣೆ. ಅಜ್ಜ ಅಲ್ಲಿ ಕೂತು ಹಳೆಯ ರೀಲು ಕ್ಯಾಮೆರಾಗಳಿಗೆ ಜೀವ ತುಂಬುತ್ತಿದ್ದ.

ಅಂಥವನು ಏಳು ಹೊಳೆಯ ಸೀಮೆಯಲ್ಲಿ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಆಚೆ ದಂಡೆಯಲ್ಲಿ ಯಾರಾದರೂ ಫೋಟೋ ಹೊಡೆದರೆ ಈಚೆ ಕೂತವನು ‘ಟಕ್’ ಅನ್ನುವ ಸದ್ದಿನ ಮೇಲೇ ಕ್ಯಾಮೆರಾ ಯಾವ ದೇಶದ್ದು, ಯಾವ ಕಾಲದ್ದು ಅಂತ ಹೇಳಿಬಿಡುತ್ತಿದ್ದ. ಅವನು ಕ್ಯಾಮೆರಾ ಎತ್ತಿದರೆ ಹೊಳೆಯ ಮೊಸಳೆಯೂ ಬಾಯಿ ಮುಚ್ಚಿ ನೆಟ್ಟಗೆ ಕೂರುತ್ತಿತ್ತು. ಸುಳ್ಳು ಅನ್ನುವವರು ಹೋಗಿ ಮೊಸಳೆಯನ್ನೇ ಕೇಳಲಿ.

ಅವನ ಶಿಷ್ಯ ಕಲ್ಮೇಶ. ಬಂದಾಗ ಮೀಸೆ ಇರಲಿಲ್ಲ. ಈಗ ಮೀಸೆಯಲ್ಲಿ ಒಂದೆರಡು ಬಿಳಿ ಕೂದಲು.

“ಅಜ್ಜಾರ, ನನ್ನ ಕೈ ಪಳಗೈತ್ರಿ. ಅಪ್ಪಣೆ ಯಾವಾಗ?”

“ಅಪರೂಪದ್ದೊಂದು ತಂದು ನನ್ನ ಮಡಿಲಾಗ ಇಡು. ಅವತ್ತೇ ಹೋಗು.”

ಅಜ್ಜನ ಅಪ್ಪಣೆ ಇಲ್ಲದವನ ಕೈಗೆ ಆ ಸೀಮೆಯಲ್ಲಿ ಯಾರೂ ಕ್ಯಾಮೆರಾ ಕೊಡುತ್ತಿರಲಿಲ್ಲ. ಕಲ್ಮೇಶನ ಬದುಕೆಲ್ಲ ಆ ಒಂದು ಮಾತಿಗೆ ಜೋತು ಬಿದ್ದಿತ್ತು.

ಅಪರೂಪದ್ದು ಅಂದರೆ ಕರಿ ಮೈಯದು. ಆ ಕಾಲದ ಕ್ಯಾಮೆರಾಗಳೆಲ್ಲ ಬೆಳ್ಳಿ ಹೊಳಪಿನವು. ಪತ್ರಿಕೆಯವರಿಗೆಂದು ಕೆಲವನ್ನು ಮಾತ್ರ ಕಪ್ಪು ಬಣ್ಣದಲ್ಲಿ ಮಾಡುತ್ತಿದ್ದರು. ಹಿಡಿದು ಹಿಡಿದು ಆ ಕಪ್ಪು ಸವೆದು ಒಳಗಿನ ಹಿತ್ತಾಳೆ ಇಣುಕಿತೋ, ಸಂಗ್ರಹ ಮಾಡುವವರು ಅದರ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ.

ಕಲ್ಮೇಶ ಸಂತೆ ಸಂತೆ ತಿರುಗಿದ. ಗುಜರಿಯವರ ಗೋಣಿಚೀಲಗಳಲ್ಲಿ ತಲೆ ತೂರಿಸಿದ. ಸಿಕ್ಕಿದ್ದೆಲ್ಲ ಬೆಳ್ಳಿ ಹೊಳಪಿನವೇ.

ಕೊನೆಗೆ ಹುಡುಕುವುದನ್ನು ಬಿಟ್ಟ. ಮಾಡಿದ.

ಬೆಳ್ಳಿ ಹೊಳಪಿನ ಒಂದರ ಮೈ ಕೆರೆದು ಒಳಗಿನ ಹಿತ್ತಾಳೆ ಕಾಣುವಂತೆ ಮಾಡಿದ. ಅದರ ಮೇಲೆ ಕಪ್ಪು ಬಳಿದ. ಬಿಸಿಲಿಗಿಟ್ಟ, ಬೆಂಕಿಯ ಕಾವಿಗಿಟ್ಟ. ಆಮೇಲೆ ಪಾಲಿಶ್ ಪೇಪರ್ ಹಿಡಿದು ಮೂಲೆ ಮೂಲೆಯನ್ನು ಉಜ್ಜಿದ. ಐವತ್ತು ವರ್ಷದ ಸವೆತ ಒಂದು ವಾರದಲ್ಲಿ ಮೈಮೇಲೆ ಬಂತು. ಬ್ರಹ್ಮ ಕಂಡಿದ್ದರೂ ತನ್ನ ಉಳಿ ಕೆಳಗಿಡುತ್ತಿದ್ದ.

ಒಂದು ಬೆಳಗ್ಗೆ ಅದನ್ನು ಅಜ್ಜನ ಮಡಿಲಲ್ಲಿ ಇಟ್ಟ.

“ಎಲ್ಲಿ ಸಿಕ್ತೋ ತಮ್ಮಾ?”

“ಸಂತ್ಯಾಗ್ರಿ.”

ಅಜ್ಜ ನೋಡಲಿಲ್ಲ. ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಹಿಡಿದ. ಬೆರಳಿನಿಂದ ಅದರ ಮೈಯೆಲ್ಲ ತಡವಿದ.

“ಪಾಪ,” ಅಂದ.

“ಯಾಕ್ರಿ?”

“ಇದನ್ನ ಹಿಡದಾವಗ ಹೆಬ್ಬೆರಳು ಇರಲಿಲ್ಲ.”



ಅಜ್ಜ ಮಣೆಯ ಕೆಳಗಿನಿಂದ ಒಂದು ಗಂಟು ತೆಗೆದು ಬಿಚ್ಚಿದ. ತನ್ನ ಗುರುವಿನ ಕ್ಯಾಮೆರಾ. ಅದೂ ಕರಿ ಮೈಯದೇ. ಮೂಲೆಗಳ ಕಪ್ಪು ಅಷ್ಟೇನೂ ಹೋಗಿರಲಿಲ್ಲ. ಆದರೆ ಬೆನ್ನಿನ ಮೇಲೆ, ಬಲಗೈ ಹೆಬ್ಬೆರಳು ಕೂರುವ ಕಡೆ, ಹಿತ್ತಾಳೆಯೇ ಸವೆದು ಕುಳಿ ಬಿದ್ದಿತ್ತು. ಹುಣಸೆಬೀಜ ಇಟ್ಟರೆ ಉರುಳದಷ್ಟು ಕುಳಿ.

ಕಲ್ಮೇಶ ತಾನು ಮಾಡಿದ್ದನ್ನು ತಿರುಗಿಸಿ ನೋಡಿದ. ಅದೇ ಜಾಗದಲ್ಲಿ ಕಪ್ಪು ಹೊಸ ಮದುಮಗನ ಕೂದಲ ಹಾಗೆ ಮಿರಮಿರ ಮಿಂಚುತ್ತಿತ್ತು.

“ನೋಡೋರ ಕಣ್ಣು ಎಲ್ಲಿ ಬೀಳ್ತದೋ ಅಲ್ಲಿ ಸವಿಸೀದಿ,” ಅಂದ ಅಜ್ಜ. “ಹಿಡಿಯೋ ಕೈ ಎಲ್ಲಿ ಬೀಳ್ತದ ಅಂತ ನೆನಪಾಗಲಿಲ್ಲ.”

ಕಲ್ಮೇಶ ಅಜ್ಜನ ಪಾದದ ಮೇಲೆ ಬಿದ್ದ. “ತಪ್ಪಾತ್ರಿ. ನಾನೇ ಮಾಡೀನಿ. ಸಂತ್ಯಾಗ ಸಿಕ್ತು ಅಂದದ್ದು ಸುಳ್ಳು. ಹೊರಗ ಹಾಕಬ್ಯಾಡ್ರಿ.”

“ಏಳು. ಬಲಗೈ ಚಾಚು.”

ಚಾಚಿದ.

“ಹೆಬ್ಬೆರಳು ಕೊಡು.”

ಗುರುವಾದವನು ಹೆಬ್ಬೆರಳು ಕೇಳಿದರೆ ಏನರ್ಥ ಅಂತ ಈ ನಾಡಿನ ಶಿಷ್ಯರಿಗೆ ಹೇಳಿಕೊಡಬೇಕಾಗಿಲ್ಲ. ಮಣೆಯ ಮೇಲೆ ರೀಲು ಕತ್ತರಿಸುವ ಕತ್ತರಿ ಬಾಯಿ ತೆರೆದು ಬಿದ್ದಿತ್ತು. ಹೊಳೆ ಹರಿಯುವುದನ್ನು ಮರೆತು ನಿಂತಿತು. ಕಲ್ಮೇಶನ ಬೆರಳುಗಳು ಹೆಬ್ಬೆರಳನ್ನು ಸುತ್ತಿ ಮುಷ್ಟಿಯಾದವು.

ಆಮೇಲೆ ಒಂದೊಂದಾಗಿ ಬಿಚ್ಚಿಕೊಂಡವು.

“ತಗೋರಿ,” ಅಂದು ಕಣ್ಣು ಮುಚ್ಚಿದ.

ಅಜ್ಜ ಕತ್ತರಿ ಎತ್ತಿಕೊಂಡ. ಕರಕ್ ಅಂತ ಸದ್ದಾಯಿತು.

ಕಲ್ಮೇಶ ಕಣ್ಣು ಬಿಟ್ಟರೆ, ಅಜ್ಜ ಹೊಸ ರೀಲಿನ ತುದಿ ಕತ್ತರಿಸಿ ಹೊಸದಾಗಿ ಕಪ್ಪು ಬಳಿದ ಆ ಕ್ಯಾಮೆರಾಕ್ಕೆ ತುಂಬುತ್ತಿದ್ದ. ತುಂಬಿ, ಮುಚ್ಚಳ ಹಾಕಿ, ಅದನ್ನು ಶಿಷ್ಯನ ಕೈಗಿಟ್ಟ. ಅವನ ಹೆಬ್ಬೆರಳನ್ನು ತಾನೇ ಹಿಡಿದು ಆ ಮಿಂಚುವ ಕಪ್ಪಿನ ಮೇಲೆ ಕೂರಿಸಿದ.

“ಇದರಾಗ ಫೋಟೋ ಹೊಡಕೋತ ಇರು. ಇಲ್ಲಿ ಹಿತ್ತಾಳಿ ಕಂಡ ದಿನ ಅಪ್ಪಣೆ ಕೇಳು.”



“ಆದರ ಅಜ್ಜಾರ, ಇದು ನಕಲಿ ಅಲ್ಲೇನ್ರಿ?”

“ಇವತ್ತಿಗೆ ನಕಲಿ.”