ಹೆಂಚಿನ ಹಡಗಿನ ಎಣ್ಣೆ

"ಕುಡಿಯದವನನ್ನು ಕುಡುಕರ ಸಾಲಿನಲ್ಲಿ ಕೂರಿಸಬೇಕಿತ್ತೇ, ಬುದ್ಧಿ?" ಎಂದು ಸಂಗಯ್ಯ ಗುರುಗಳನ್ನು ಕೇಳಿದ.

ಅಂದು ಮಂಗಳವಾರ. ಗುರುಗಳ ಮಠದಲ್ಲಿ ಪ್ರತಿ ಸೋಮವಾರ ಕುಡಿತ ಬಿಡಬೇಕೆನ್ನುವವರು ಬಂದು ಕೂರುತ್ತಿದ್ದರು. ಬಾಗಿಲಲ್ಲಿ ನಿಂತು ಅವರನ್ನು ಒಳಗೆ ಕರೆಯುವ ಕೆಲಸ ಶಿಷ್ಯ ಸಂಗಯ್ಯನದು. ಹಿಂದಿನ ದಿನ ಒಬ್ಬ ಬಂದಿದ್ದ. ತಾನು ಕುಡಿಯುವವನಲ್ಲ, ಆದರೆ ಸಿಟ್ಟು ಬಂದರೆ ಮನೆಯವರ ಮೇಲೆ ಕೈ ಮಾಡುತ್ತೇನೆ, ನನ್ನನ್ನೂ ಕೂರಿಸಿಕೊಳ್ಳಿ ಅಂದಿದ್ದ. ಇದು ಕುಡಿಯುವವರಿಗೆ ಮಾತ್ರ ಎಂದು ಸಂಗಯ್ಯ ಅವನನ್ನು ಕಳಿಸಿಬಿಟ್ಟಿದ್ದ. ಮಾಡಿದ್ದು ಸರಿ ಅಂತ ಗುರುಗಳ ಬಾಯಿಂದ ಕೇಳಬೇಕಿತ್ತು ಅವನಿಗೆ.

ಗುರುಗಳು ಒಂದು ಕತೆ ಹೇಳಿದರು.

ಹೊಳೆ ಹೋಗಿ ಕಡಲು ಸೇರುವ ಅಳಿವೆಯಲ್ಲಿ ಒಂದು ಬಂದರು. ಅಲ್ಲಿಗೆ ಎಣ್ಣೆ ತುಂಬಿದ ಹಡಗುಗಳು ಬರುತ್ತಿದ್ದವು. ಒಂದು ಸಲ ಒಂದು ಹಡಗು ಒಡೆದು ಹೊಳೆಯೆಲ್ಲ ಕಪ್ಪಾಯಿತು. ಆಗ ಎಣ್ಣೆ ಹಡಗುಗಳ ಒಡೆಯರೆಲ್ಲ ಸೇರಿ ದಡದಲ್ಲಿ ಒಂದು ಕೊಟ್ಟಿಗೆ ಕಟ್ಟಿದರು. ಅದರೊಳಗೆ ನೀರಿನ ಮೇಲೆ ತೇಲುವ ಒಂದು ಬೇಲಿ. ಬೆಂಡು ತುಂಬಿದ ಚೀಲಗಳನ್ನು ಸಾಲಾಗಿ ಹಗ್ಗಕ್ಕೆ ಹೊಲಿದದ್ದು. ಸೋರಿದ ಎಣ್ಣೆಯ ಸುತ್ತ ಅದನ್ನು ಎಳೆದರೆ ಎಣ್ಣೆ ಅದರೊಳಗೇ ನಿಲ್ಲುತ್ತದೆ. ನಿಂತದ್ದನ್ನು ಬಳಿದು ತೆಗೆಯಬಹುದು. ಅದನ್ನು ಕಾಯಲು ಒಬ್ಬ ಮೇಸ್ತ್ರಿ, ಅವನ ಕೈಕೆಳಗೆ ಎಂಟು ಆಳು.

ಮೇಸ್ತ್ರಿ ಒಳ್ಳೆಯವನು. ಇಪ್ಪತ್ತು ವರ್ಷ ಆ ಬೇಲಿಯನ್ನು ಮಗುವಿನ ಹಾಗೆ ನೋಡಿಕೊಂಡಿದ್ದ. ಬಿಸಿಲಿಗೆ ಹಾಕುವನು, ಹರಿದಲ್ಲಿ ಹೊಲಿಯುವನು, ಸುತ್ತಿ ಇಡುವನು. ಎಣ್ಣೆ ಹಡಗಿಗಲ್ಲದೆ ಅದನ್ನು ಬಿಚ್ಚಬಾರದು ಎಂದು ಒಡೆಯರು ಹೇಳಿದ್ದರು. ಅವನೂ ಬಿಚ್ಚಿದವನಲ್ಲ.

ಒಂದು ಬೆಳಗ್ಗೆ ಹೆಂಚು ಹೇರಿಕೊಂಡ ಹಡಗೊಂದು ಅಳಿವೆಯ ಬಂಡೆಗೆ ತಾಗಿತು. ಅದರ ಒಡೆಯ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಕೊಟ್ಟಿಗೆಗೆ ಬಂದ. ಮೈಯೆಲ್ಲ ಬೆವರು.

"ಮೇಸ್ತ್ರಿಗಳೇ, ಬೇಲಿ ಬೇಕಿತ್ತು. ಎಣ್ಣೆ ಹೋಗ್ತಾ ಉಂಟು."

"ಹಡಗಲ್ಲಿ ಏನುಂಟು?"

"ಹೆಂಚು."

ಆಳುಗಳು ನಕ್ಕರು. ಅವರಲ್ಲೊಬ್ಬ, "ಹೆಂಚು ಸೋರೋದು ಮಳೆಗಾಲದಲ್ಲಲ್ಲವಾ ಮಾರಾಯ್ರೆ!" ಅಂದ.

"ಯಂತ್ರಕ್ಕೆ ಕುಡಿಸೋ ಎಣ್ಣೆ ಮಾರಾಯ್ರೆ. ಅಡಿಯ ತೊಟ್ಟಿ ಸೀಳಿದೆ. ದಮ್ಮಯ್ಯ, ಒಮ್ಮೆ ಬನ್ನಿ."

ಮೇಸ್ತ್ರಿ ನಗಲಿಲ್ಲ. ಅವನಿಗೆ ಪಾಪ ಅನ್ನಿಸಿತು. ಆದರೆ ಅಂದೇ ಮಧ್ಯಾಹ್ನ ಒಂದು ಎಣ್ಣೆ ಹಡಗು ಬರುವುದಿತ್ತು. ಬೇಲಿ ಇಲ್ಲಿ ಸಿಕ್ಕಿಕೊಂಡಾಗ ಅಲ್ಲಿ ಏನಾದರೂ ಆದರೆ? ಒಡೆಯರಿಗೆ ಏನು ಹೇಳುವುದು? "ಇದು ಎಣ್ಣೆ ಹಡಗಿನವರದ್ದು. ನಾನು ಕೊಡಲಿಕ್ಕೆ ಬರುವುದಿಲ್ಲ" ಅಂದ. ಬಂದವನು ಹುಟ್ಟು ತೆಗೆದುಕೊಂಡು ಹೋದ.

ಮಧ್ಯಾಹ್ನದ ಎಣ್ಣೆ ಹಡಗು ಬಂತು, ಎಣ್ಣೆ ಇಳಿಸಿತು, ಹೋಯಿತು. ಒಂದು ಹನಿ ಸೋರಲಿಲ್ಲ.

ಸಂಜೆ ಮೇಸ್ತ್ರಿ ದಡಕ್ಕೆ ಹೋಗಿ ನೋಡಿದ. ಕಪ್ಪು ಕಾಣಲಿಲ್ಲ. ನೀರು ಎಂದಿನ ಹಾಗೇ ಇತ್ತು. ಅವನ ಎದೆ ಹಗುರಾಯಿತು. ಹೇಗೋ ದಾರಿ ಮಾಡಿಕೊಂಡಿದ್ದಾನೆ, ಪುಣ್ಯಾತ್ಮ, ಅಂದುಕೊಂಡ. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡ.

ಆ ಹೆಂಚಿನವನು ಮಾಡಿಕೊಂಡ ದಾರಿ ಇಷ್ಟೇ. ಯಾರೂ ಬಾರದಿದ್ದಾಗ ಅವನಿಗೆ ಹೆದರಿಕೆಗಿಂತ ನಾಚಿಕೆ ಹೆಚ್ಚಾಯಿತು. ನಾಲ್ಕು ಜನ ಕಾಣುವ ಮೊದಲು ಹೇಗಾದರೂ ಮುಚ್ಚಬೇಕು ಅನ್ನಿಸಿತು. ಹಡಗು ತೊಳೆಯಲು ಇಟ್ಟಿದ್ದ ಸೋಪಿನ ನೀರನ್ನು ಪೀಪಾಯಿಗಟ್ಟಲೆ ಆ ಎಣ್ಣೆಯ ಮೇಲೆ ಸುರಿದ. ಎಣ್ಣೆ ಪುಡಿಪುಡಿಯಾಗಿ ನೀರಿನಲ್ಲಿ ಬೆರೆಯಿತು. ಕಣ್ಣಿಗೆ ಕಾಣದಾಯಿತು. ತೇಲುತ್ತಿದ್ದರೆ ಬಳಿದು ತೆಗೆಯಬಹುದಿತ್ತು. ಈಗ ಅದು ಕೆಸರಿಗೇ ಇಳಿಯಿತು.

ಆ ಕೆಸರಿನಲ್ಲಿ ಚಿಪ್ಪಿ ಬೆಳೆಯುತ್ತಿತ್ತು. ನೀರಿಳಿದಾಗ ಊರಿನ ಹೆಂಗಸರು ಮೊಣಕಾಲುದ್ದ ಕೆಸರಲ್ಲಿ ನಿಂತು ಆರಿಸುವರು. ಅದರಿಂದಲೇ ಅವರ ಮನೆಗಳಲ್ಲಿ ಒಲೆ ಉರಿಯಬೇಕು.

ನಾಲ್ಕನೆಯ ದಿನ ಒಬ್ಬ ಮುದುಕಿ ಕೊಟ್ಟಿಗೆಗೆ ಬಂದಳು. ತಲೆಯ ಮೇಲಿನ ಬುಟ್ಟಿಯನ್ನು ಮೇಸ್ತ್ರಿಯ ಮುಂದೆ ಇಳಿಸಿದಳು. ಚಿಪ್ಪಿಗಳೆಲ್ಲ ಬಾಯಿ ತೆರೆದು ಸತ್ತಿದ್ದವು. ನಾರುತ್ತಿದ್ದವು.

"ಹೊಳೆಯಿಡೀ ಹೀಗೇ ಆಗಿದೆ ಮಗಾ" ಅಂದಳು.

"ನಮ್ಮ ಎಣ್ಣೆ ಹಡಗಿಂದ ಒಂದು ತೊಟ್ಟೂ ಬಿದ್ದಿಲ್ಲಮ್ಮ" ಅಂದ ಮೇಸ್ತ್ರಿ.

ಮುದುಕಿ ಒಳಗೆ ಸುತ್ತಿಟ್ಟ ಬೇಲಿಯನ್ನು ನೋಡಿದಳು. ಹತ್ತಿರ ಹೋಗಿ ಕೈಯಿಂದ ಮುಟ್ಟಿದಳು.

"ಬೇಲಿ ಒದ್ದೆ ಆಗ್ಲಿಲ್ಲವಲ್ಲ. ಅಷ್ಟು ಸಾಕು ಬಿಡು" ಅಂದಳು. ಬುಟ್ಟಿ ಅಲ್ಲೇ ಬಿಟ್ಟು ಹೋದಳು.

ಮೇಸ್ತ್ರಿ ಆ ಬುಟ್ಟಿಯ ಮುಂದೆ ಕೂತ. ಆಳುಗಳು ಬುಟ್ಟಿ ಎತ್ತಲು ಬಂದರು. ಎತ್ತಬೇಡಿ ಅಂದ. ಮರುದಿನ ಒಡೆಯರ ಹತ್ತಿರ ಹೋದ. ಕಡಲಿಗಿಳಿದ ಹಡಗು ಏನನ್ನೇ ಹೇರಲಿ, ನಡೆಯುವುದು ಎಣ್ಣೆ ಉರಿಸಿಯೇ. ಯಾರು ಬಂದರೂ ಬೇಲಿ ಬಿಚ್ಚುತ್ತೇನೆ, ಬೇಡವಾದರೆ ನನ್ನನ್ನು ಬಿಡಿಸಿ ಅಂದ. ಒಡೆಯರು ತಮ್ಮತಮ್ಮಲ್ಲಿ ಬಹಳ ಮಾತಾಡಿಕೊಂಡರು. ಕಡೆಗೆ ಒಪ್ಪಿದರು. ಬೇಲಿ ಒಂದಿದ್ದದ್ದು ಎರಡಾಯಿತು. ಅಂದಿನಿಂದ ಆ ಕೊಟ್ಟಿಗೆಯಲ್ಲಿ ಹಡಗಿನಲ್ಲಿ ಏನುಂಟು ಎಂದು ಯಾರೂ ಕೇಳಲಿಲ್ಲ. ಎಲ್ಲಿ ಸೋರುತ್ತಿದೆ ಎಂದಷ್ಟೇ ಕೇಳಿದರು.

ಚಿಪ್ಪಿ ಮಾತ್ರ ಏಳು ವರ್ಷ ಬರಲಿಲ್ಲ. ಆ ಮುದುಕಿ ಅಷ್ಟು ದಿನ ಇರಲಿಲ್ಲ.

ಗುರುಗಳು ಕತೆ ಮುಗಿಸಿದರು. ಸಂಗಯ್ಯನಿಗೆ ಕತೆ ತಿಳಿಯಿತು. ತಿಳಿದದ್ದಕ್ಕೆ ಅವನ ಮುಖ ಅರಳಿತು ಕೂಡ.

"ತಪ್ಪಾಯ್ತು ಬುದ್ಧಿ. ಬರುವ ಸೋಮವಾರ ಅವನು ಬಂದರೆ ಮೊದಲ ಸಾಲಿನಲ್ಲೇ ಕೂರಿಸ್ತೀನಿ" ಅಂದ.

"ಸೋಮವಾರಕ್ಕೆ ಇನ್ನೂ ಆರು ದಿನ ಇದೆ ಸಂಗಯ್ಯ, ಈ ಹೊತ್ತು ಅವನ ಮನೆಯಲ್ಲಿ ಯಾರು ಯಾರಿದ್ದಾರೆ?" ಅಂದರು ಗುರುಗಳು.