ಐದೂವರೆಯ ಕುರ್ಚಿ

“ಗುರುಗಳೇ, ಈ ಕಾಲದ ಹಾಡುಗಾರರಲ್ಲಿ ಒಂದನೆಯವರು ಯಾರು?”

ತಿಪ್ಪೇಶ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಸಿನಿಮಾದಲ್ಲಿ, ರೇಡಿಯೋದಲ್ಲಿ ಹೆಸರಾದ ಗಾಯಕರಲ್ಲಿ ಯಾರು ಮೊದಲು, ಯಾರು ನಂತರ ಎಂದು ಪತ್ರಿಕೆಯೊಂದು ಓದುಗರನ್ನು ಕೇಳಿತ್ತು. ಮಠದ ಶಿಷ್ಯರಲ್ಲಿ ಎರಡು ಪಕ್ಷವಾಯಿತು. ಬೆಳಗಿನ ಪ್ರಾರ್ಥನೆಗೆ ಒಟ್ಟಿಗೆ ಬಾಯಿ ತೆರೆಯುತ್ತಿದ್ದವರು ಊಟಕ್ಕೆ ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತರು. ತಿಪ್ಪೇಶ ಒಂದು ಪಕ್ಷದ ಮುಂದಾಳು. ತೀರ್ಪು ತನ್ನ ಕಡೆಗೇ ಆಗುತ್ತದೆಂಬ ಧೈರ್ಯದಿಂದ ಬಂದಿದ್ದ.

“ತೀರ್ಪು ಆಮೇಲೆ ನೋಡೋಣ. ಮೊದಲು ಕೂತ್ಕೊ,” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ರೇಡಿಯೋ, ಗ್ರಾಮಫೋನು, ಹಾಡಿನ ಪ್ಲೇಟು ಮಾರುತ್ತಿದ್ದ. ಅವನಿಗೆ ಹಾಡೆಂದರೆ ಪ್ರಾಣ. ಆದರೆ ಒಂದು ವಾದ್ಯವನ್ನೂ ಕೈಯಿಂದ ಮುಟ್ಟಿದವನಲ್ಲ. ಯಾವ ಪ್ಲೇಟು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ, “ನನ್ನನ್ನೇನು ಕೇಳ್ತೀರಿ, ನಿಮ್ಮ ಕಿವಿ ಕೇಳಿ,” ಎಂದು ಪ್ಲೇಟಿನ ಮೇಲೆ ಗ್ರಾಮಫೋನಿನ ಮುಳ್ಳು ಇಡುತ್ತಿದ್ದ. ಹಾಗೆ ಹೇಳಿಯೇ ಅವನ ವ್ಯಾಪಾರ ಬೆಳೆದಿತ್ತು.

ಅವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಅವನು ಅಳಲಿಲ್ಲ. ಮಣ್ಣು ಮಾಡಿ ಬಂದವನು ಅಂಗಡಿಯ ಬಾಗಿಲು ಹಾಕಿಕೊಂಡು ಕಲ್ಲಿನ ಹಾಗೆ ಕುಳಿತುಬಿಟ್ಟ. ಈ ಮನುಷ್ಯ ಇನ್ನು ಮೇಲೇಳುವುದಿಲ್ಲ ಎಂದು ಜನ ಕೈಬಿಟ್ಟಿದ್ದರು. ಒಂದು ದಿನ ಎದುರಿನ ಹೋಟೆಲಿನ ರೇಡಿಯೋದಲ್ಲಿ ಒಬ್ಬ ಹೆಣ್ಣುಮಗಳು ಹಾಡಿದಳು. ಸಾಧಾರಣ ಸಿನಿಮಾ ಹಾಡು, ಮದುವೆಯ ಹಾಡು. ಅದನ್ನು ಕೇಳಿ ಅವನು ಗೊಳೋ ಎಂದು ಅತ್ತ. ಅತ್ತ ಮೇಲೆ ಅನ್ನ ಸೇರಿತು, ನಿದ್ದೆ ಬಂತು, ಅಂಗಡಿಯ ಬಾಗಿಲು ತೆರೆಯಿತು.

ಆ ಗಾಯಕಿ ಅದೇ ಊರಿನವಳು. ಅವಳಿಗೆ ಈ ಸಂಗತಿ ಗೊತ್ತಿರಲಿಲ್ಲ. ಅವನೂ ಹೇಳಲಿಲ್ಲ. ಅವಳನ್ನು ನಾಲ್ಕು ಜನರ ನಡುವೆ ಕೂರಿಸಿ ಒಂದು ದಿನ ಮೆರೆಸಬೇಕು ಎಂಬ ಆಸೆ ಮಾತ್ರ ಅವನ ಎದೆಯಲ್ಲಿತ್ತು.

ಅಂಗಡಿಗೆ ಬೆಳ್ಳಿಹಬ್ಬ ಬಂತು. ಕಾಲ ಕೂಡಿಬಂತೆಂದು ವ್ಯಾಪಾರಿ ಹಿಗ್ಗಿದ. ಆ ಕಾಲದಲ್ಲಿ ಮನೆಮನೆಯಲ್ಲಿ ಹೆಸರಾಗಿದ್ದ ನಾಲ್ವರು ಗಾಯಕರನ್ನು ಕರೆದ. ಮೂವರು ಗಂಡಸರು, ನಾಲ್ಕನೆಯವಳು ಅವಳು. ಸುಮ್ಮನೆ ಹಾಡಿಸಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತು. ಆದರೆ ಕೈಯಲ್ಲಿ ಹಬ್ಬವಿದ್ದವನ ತಲೆ ಸುಮ್ಮನಿರುವುದುಂಟೆ? ಯೋಗ್ಯತೆಯ ಪ್ರಕಾರ ಅವರನ್ನು ಸಾಲಾಗಿ ಕೂರಿಸಿ ಸನ್ಮಾನ ಮಾಡುತ್ತೇನೆಂದು ಊರ ತುಂಬ ಗೋಡೆಗೆ ಕಾಗದ ಅಂಟಿಸಿದ.

ಮರುದಿನದಿಂದಲೇ ಊರಿಗೆ ಊರೇ ಕಚ್ಚಾಡಿತು. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವನು ಎದ್ದು ಜಗಳಕ್ಕೆ ನಿಂತ. ಒಂದೇ ತಾಯಿಯ ಮಕ್ಕಳು ಮಾತು ಬಿಟ್ಟರು. ವ್ಯಾಪಾರಿಗೆ ಭಯವಾಯಿತು. ತನ್ನ ಕಿವಿಯನ್ನು ಕೇಳಿದರೆ ಅದು ಹೇಳುವುದು ಒಂದೇ ಹೆಸರು. ಆದರೆ ಅದು ಪಕ್ಷಪಾತವೆಂದು ನಾಳೆ ಜನ ಆಡಿಕೊಂಡರೆ? ಬಲ್ಲವರ ಬಾಯಿಂದ ಬಂದರೆ ಅವಳ ಮರ್ಯಾದೆಯೂ ಉಳಿಯುತ್ತದೆ, ತನ್ನದೂ ಉಳಿಯುತ್ತದೆ ಎಂದುಕೊಂಡ.

ಬಲ್ಲವನೊಬ್ಬ ಅಲ್ಲಿಯೇ ಇದ್ದ. ಅವನು ಹಾರ್ಮೋನಿಯಂ ನುಡಿಸುವ ಮುದುಕ. ನಾಲ್ವರಿಗೂ ಪಕ್ಕವಾದ್ಯ ನುಡಿಸಿದವನು. ಗಾಯಕಿಯನ್ನಂತೂ ಲಂಗ ತೊಟ್ಟ ಕಾಲದಿಂದ ಬಲ್ಲವನು. ಅವನ ಬಾಯಲ್ಲಿ ಸದಾ ತಾಂಬೂಲ. ಉಗುಳಲು ಮನಸ್ಸಿಲ್ಲದೆ ಒಂದು ಮಾತಿನಲ್ಲಿ ಮುಗಿಸುವುದು ಅವನ ಅಭ್ಯಾಸ. ವ್ಯಾಪಾರಿಗೋ ನೇರವಾಗಿ ಕೇಳಲು ನಾಚಿಕೆ. ಸುತ್ತಿ ಬಳಸಿ ಕೇಳಿದ.

“ನಾಲ್ಕೂ ಜನ ಬರ್ತಿದ್ದಾರೆ. ಅವರದ್ದೆಲ್ಲ ಎಷ್ಟೆಷ್ಟು ಅಂತ ನಿಮಗಲ್ಲದೆ ಇನ್ಯಾರಿಗೆ ಗೊತ್ತು? ಆ ಹಿರಿಯರದ್ದು ಎಷ್ಟು?”

“ಒಂದು.”

“ಆ ಬೆಳ್ಳಗಿರೋರದ್ದು?”

“ಒಂದೂವರೆ.”

“ಮೀಸೆಯವರದ್ದು?”

“ಎರಡು.”

ವ್ಯಾಪಾರಿ ಬೆರಳೆಣಿಸಿದ. ಒಂದು ಆಗಲೇ ಹೋಗಿತ್ತು. ಎರಡೂ ಹೋಗಿತ್ತು. ಹೋಗಲಿ, ಎರಡೂವರೆಯೋ ಮೂರೋ ಅಂದಾರು ಎಂದು ಧೈರ್ಯ ತಂದುಕೊಂಡ.

“ನಮ್ಮೂರ ತಾಯಿಯದ್ದು?”

“ಐದೂವರೆ.”

ಕೇಳಿದ್ದು ಸರಿಯೋ ತಪ್ಪೋ ಎಂದು ವ್ಯಾಪಾರಿ ಮುದುಕನ ಮುಖವನ್ನೇ ನೋಡಿದ. ಮುದುಕ ಆರಾಮವಾಗಿ ಅಡಿಕೆ ಅಗಿಯುತ್ತಿದ್ದ.

“ಐದೂವರೆಯೇ? ಸ್ವಲ್ಪ ಯೋಚನೆ ಮಾಡಿ ಹೇಳಿ. ಮೂರು ಅಂತ ಮಾಡೋಕಾಗಲ್ವಾ?”

ಮುದುಕನಿಗೆ ಸಿಟ್ಟು ಬಂತು. ಎದ್ದು ಹೋಗಿ ಉಗುಳಿ ಬಂದು ಹೇಳಿದ: “ಇದೇನು ಸೊಪ್ಪಿನ ಸಂತೆ ಏನ್ರೀ, ಚೌಕಾಸಿ ಮಾಡೋಕೆ? ಆಯಮ್ಮಂದು ಹುಟ್ಟಾ ಐದೂವರೆ. ಸಾಯೋವರ್ಗೂ ಐದೂವರೆ. ಯಾರನ್ನ ಬೇಕಾದ್ರೂ ಕೇಳಿ.”

ಯಾರನ್ನಾದರೂ ಕೇಳಬಹುದಿತ್ತು. ವ್ಯಾಪಾರಿ ಕೇಳಲಿಲ್ಲ. ಏನಕ್ಕೆ ಈ ಲೆಕ್ಕ ಎಂದು ಮುದುಕನೂ ಕೇಳಲಿಲ್ಲ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಇಬ್ಬರೂ ಒಂದೇ ಗಾಡಿಯಲ್ಲಿದ್ದೇವೆ ಎಂದುಕೊಂಡರು.

ಮನೆಗೆ ಬಂದು ವ್ಯಾಪಾರಿ ಅವಳ ಪ್ಲೇಟನ್ನು ಹಾಕಿದ. ಅದೇ ಹಾಡು. ಕಣ್ಣು ತುಂಬಿ ಬಂತು. ಆದರೂ ಅಂದುಕೊಂಡ: ನನಗೇನು ತಿಳಿಯುತ್ತದೆ? ಸಂಕಟದಲ್ಲಿ ಕೇಳಿದವನು. ಹಸಿದವನಿಗೆ ಹಳಸಿದ್ದೂ ಮೃಷ್ಟಾನ್ನ. ಬಲ್ಲವರು ಐದೂವರೆ ಎಂದ ಮೇಲೆ ಐದೂವರೆಯೇ. ಊರಿಗೆಲ್ಲ ನಿಮ್ಮ ಕಿವಿ ಕೇಳಿ ಎನ್ನುತ್ತಿದ್ದವನು ತನ್ನ ಕಿವಿಗೆ ಮಾತ್ರ ಬಾಗಿಲು ಹಾಕಿದ.

ವ್ಯಾಪಾರಿ ಲೆಕ್ಕದಲ್ಲಿ ಪ್ರಾಮಾಣಿಕ. ಒಂದನೆಯ ಕುರ್ಚಿ ಹಾಕಿಸಿದ. ಒಂದೂವರೆಯದನ್ನು ಅದಕ್ಕೆ ಒತ್ತಿ ಇಟ್ಟ. ಆಮೇಲೆ ಎರಡನೆಯದು. ಅದರಾಚೆ ಮೂರು, ನಾಲ್ಕು, ಐದು ಎಂದು ಮೂರು ಖಾಲಿ ಕುರ್ಚಿ. ಕೊನೆಗೆ ಇನ್ನೊಂದು ಕುರ್ಚಿ. ಅರ್ಧಕ್ಕೆ ಏನು ಮಾಡಬೇಕೆಂದು ತಿಳಿಯದೆ ಅದನ್ನು ಒಂದು ಮಾರು ಹಿಂದಕ್ಕೆ ಸರಿಸಿದ.

ಪರದೆ ಎದ್ದಾಗ ಸಭೆ ದಂಗಾಯಿತು. ಗಾಯಕಿ ಮೆಟ್ಟಿಲು ಹತ್ತಿ ಬಂದು, ಕುರ್ಚಿಗಳನ್ನು ನೋಡಿ ನಿಂತಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಖಾಲಿ ಕುರ್ಚಿಗೆ ಯಾರೋ ಬರುವವರಿದ್ದಾರೆ ಎಂದುಕೊಂಡಳು. ಯಾರೂ ಬರುವುದಿಲ್ಲವೆಂದು ತಿಳಿದ ಮೇಲೆ ವ್ಯಾಪಾರಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ಯಜಮಾನ್ರೇ, ಇದು ನೀವು ಹೇಳಿದ್ದಾ?”

“ಇಲ್ಲ ತಾಯಿ. ನನ್ನ ಕೈಲಿದ್ದಿದ್ರೆ ಹೀಗೆ ಮಾಡ್ತಿರಲಿಲ್ಲ. ಹಾರ್ಮೋನಿಯಂ ತಾತ ಹೇಳಿದ್ದು.”

ಅವಳ ಮುಖದ ರಕ್ತ ಇಳಿದುಹೋಯಿತು. ಬೇರೆ ಯಾರ ಹೆಸರು ಹೇಳಿದ್ದರೂ ನಕ್ಕುಬಿಡುತ್ತಿದ್ದಳೇನೋ. ವೇದಿಕೆಯ ಮೂಲೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ ಕುಳಿತಿದ್ದ ಮುದುಕನ ಕಡೆ ನೋಡಿದಳು. ಅವನು ಖಾಲಿ ಕುರ್ಚಿ ಮಂತ್ರಿಗಳಿಗೋ ಎಂಎಲ್ಎಗಳಿಗೋ ಇರಬೇಕೆಂದುಕೊಂಡು, ಎಂದಿನಂತೆ ಅವಳನ್ನು ನೋಡಿ ತಲೆಯಾಡಿಸಿ ನಕ್ಕ. ಆ ನಗು ಅವಳಿಗೆ ಕನಿಕರದಂತೆ ಕಂಡಿತು. ಹೋಗಿ ಹಿಂದಿನ ಕುರ್ಚಿಯಲ್ಲಿ ಕುಳಿತಳು. ಸರದಿ ಬಂದಾಗ ಹಾಡಿದಳು. ಜನ ಎಂದಿನಂತೆ ಅತ್ತರು. ಅತ್ತವರೇ ಹೊರಗೆ ಹೋಗಿ, “ನಂಗೆ ಮೊದಲಿಂದ್ಲೂ ಅನ್ನಿಸ್ತಿತ್ತು ಕಣ್ರೀ, ಆಯಮ್ಮನಲ್ಲಿ ಏನೋ ಕಡಿಮೆ,” ಎಂದು ವೀಳ್ಯ ಹಾಕಿಕೊಂಡರು.

ಅಂದಿನಿಂದ ಗಾಯಕಿ ಯಾರು ಕರೆದರೂ ಹೋಗಲಿಲ್ಲ. ಇನ್ನೂ ಕಲಿಯುವುದಿದೆ ಎನ್ನುತ್ತಿದ್ದಳು. ಬಾಗಿಲು ಹಾಕಿಕೊಂಡು, ಒಂದನೆಯ ಕುರ್ಚಿಯವನ ಪ್ಲೇಟುಗಳನ್ನು ಮುಂದಿಟ್ಟುಕೊಂಡು ಅವನಂತೆಯೇ ಗಂಟಲು ದಪ್ಪ ಮಾಡಿ ಹಾಡಲು ಹೆಣಗಿದಳು. ಮುದುಕನಿಗೂ ಅವಳಿಂದ ಕರೆ ಬರಲಿಲ್ಲ. ದೊಡ್ಡವಳಾದಳು, ನಮ್ಮನ್ನು ಮರೆತಳು ಎಂದು ಅವನೂ ಮುನಿಸಿಕೊಂಡ. ಹೀಗೆ ವರ್ಷಗಳು ಕಳೆದವು.

ಒಂದು ಮಧ್ಯಾಹ್ನ ಮುದುಕ ತನ್ನ ಪೆಟ್ಟಿಗೆಯೊಂದಿಗೆ ವ್ಯಾಪಾರಿಯ ಅಂಗಡಿಗೆ ಬಂದು ಕುಳಿತ. ರೇಡಿಯೋ ಹಾಡುತ್ತಿತ್ತು.

“ಏನ್ ಯಜಮಾನ್ರೇ, ಆಯಮ್ಮನ ಒಂದು ಪ್ಲೇಟೂ ಕಾಣಲ್ಲ ಅಂಗಡೀಲಿ?”

“ನೀವೇ ಹೀಗೆ ಕೇಳ್ತೀರಲ್ಲ! ಐದೂವರೆ ಅಂದೋರು ನೀವೇ. ಆಮೇಲೆ ಯಾರು ಕೊಳ್ತಾರೆ?”

“ಐದೂವರೆ ಆದ್ರೆ ಯಾಕ್ರೀ ಕೊಳ್ಳಲ್ಲ?”

“ಒಂದು, ಒಂದೂವರೆ, ಎರಡು ಇರುವಾಗ ಐದೂವರೇನ ಯಾರು ಕೇಳ್ತಾರೆ, ತಾತ?”

ಮುದುಕನ ದವಡೆ ನಿಂತಿತು. ಬಾಯಲ್ಲಿದ್ದ ತಾಂಬೂಲ ಅಂಗಿಯ ಮೇಲೆ ಇಳಿಯಿತು. ಅವನಿಗೆ ಅದರ ಪರಿವೆ ಇರಲಿಲ್ಲ.

“ಅಯ್ಯೋ ಪಾಪಿ, ನಾನು ಹೇಳಿದ್ದು ಶ್ರುತಿ! ಪೆಟ್ಟಿಗೇಲಿ ಒಂದನೇ ಮನೆ, ಎರಡನೇ ಮನೆ ಅಂತ ಇರ್ತಾವೆ. ನಡುವಿನ ಕರಿ ಪಟ್ಟಿಗೆ ಒಂದೂವರೆ, ಐದೂವರೆ ಅಂತೀವಿ. ಒಬ್ಬೊಬ್ಬರ ದನಿ ಒಂದೊಂದು ಮನೇಲಿ ಇರುತ್ತೆ. ಗಂಡಸಿನ ದನಿ ಒಂದು, ಎರಡರಲ್ಲಿದ್ರೆ ಹೆಂಗಸಿನ ದನಿ ಐದು, ಐದೂವರೇಲಿ. ಒಂದನೇ ಮನೆಯವನು ದೊಡ್ಡವನು, ಐದನೇ ಮನೆಯವಳು ಸಣ್ಣವಳು ಅಂತ ಎಲ್ಲಾದ್ರೂ ಉಂಟೇನಯ್ಯ?”

ವ್ಯಾಪಾರಿ ಗರ ಬಡಿದವನಂತೆ ನಿಂತ. ರೇಡಿಯೋದಲ್ಲಿ ಯಾರು ಹಾಡುತ್ತಿದ್ದಾರೆಂದು ಅವನಿಗೆ ಕೇಳಿಸಲಿಲ್ಲ. ಅವನ ಕಿವಿ ಅಂದು ಸುಳ್ಳು ಹೇಳಿರಲಿಲ್ಲ. ಸತ್ತವನಂತಿದ್ದ ತನ್ನನ್ನು ಎಬ್ಬಿಸಿದವಳನ್ನು ತಾನೇ ಕೈಹಿಡಿದು ಹಿಂದಿನ ಕುರ್ಚಿಗೆ ಕಳಿಸಿದ್ದ. ಅಂಗಡಿಯ ಬಾಗಿಲನ್ನೂ ಹಾಕದೆ, ಮುದುಕನ ಪೆಟ್ಟಿಗೆಯನ್ನು ತಾನೇ ತಲೆಯ ಮೇಲೆ ಹೊತ್ತು, ಅವಳ ಮನೆಗೆ ಓಡಿದ. ಮುದುಕ ಏದುಸಿರು ಬಿಡುತ್ತ ಹಿಂದೆ ಬಂದ.

ಅವಳು ಇಬ್ಬರ ಮಾತನ್ನೂ ಕೊನೆಯತನಕ ಕೇಳಿದಳು. ಬೈಯಲಿಲ್ಲ. “ಪೆಟ್ಟಿಗೆ ತೆಗಿ ತಾತ,” ಎಂದಳು. ಅವಳ ದನಿ ಒಡೆದ ಮಡಕೆಯಂತಿತ್ತು.

ಮುದುಕ ಐದೂವರೆಯ ಪಟ್ಟಿ ಒತ್ತಿದ. ಅವಳು ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಐದಕ್ಕೆ ಇಳಿಸಿದ. ಬರಲಿಲ್ಲ. ನಾಲ್ಕಕ್ಕೆ ಇಳಿಸಿದ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕೆಮ್ಮಿದಳು. ವ್ಯಾಪಾರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ. ಮುದುಕನ ಬೆರಳು ಒಂದೊಂದೇ ಮನೆ ಬಿಟ್ಟು ಕೆಳಗೆ ಇಳಿಯಿತು. ಕಡೆಗೆ ಒಂದರಲ್ಲಿ ಒಂದು ದನಿ ಹೊರಟಿತು. ದಪ್ಪಗೆ, ಒರಟಾಗಿ, ಯಾವನೋ ಗಂಡಸಿನ ನೆರಳಿನಂತೆ ಹೊರಟಿತು. ಅದರಲ್ಲಿ ಅವಳು ಇರಲಿಲ್ಲ.

ಅವಳು ಹಾಡು ನಿಲ್ಲಿಸಿ ವ್ಯಾಪಾರಿಯ ಕಡೆ ತಿರುಗಿದಳು.

“ನೋಡಿ ಯಜಮಾನ್ರೇ, ಈಗ ನಾನೂ ಒಂದು.”

ಗುರುಗಳು ಇಷ್ಟು ಹೇಳಿ ಕತೆ ಮುಗಿಸಿದರು. ತಿಪ್ಪೇಶ ಕಣ್ಣೊರೆಸಿಕೊಂಡ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

“ಹಾಗಾದರೆ ಗುರುಗಳೇ, ಆ ನಾಲ್ವರಲ್ಲಿ ನಿಜವಾಗಿ ಒಂದನೆಯವರು ಆಕೆಯೇ ಅಲ್ಲವೇ?”

ಗುರುಗಳು ಅವನನ್ನು ನೋಡಿ ಹೇಳಿದರು:

“ಒಂದು ದನಿ ಸತ್ತ ಸುದ್ದಿ ಹೇಳಿದೆನಪ್ಪಾ, ನೀನು ಅದಕ್ಕೂ ನಂಬರು ಕೇಳುತ್ತೀಯಲ್ಲ!”